ಕಡಲಿಲ್ಲದ ಊರಿನಲ್ಲಿ ಆರು ತಿಂಗಳು

ಬೆಳಿಗ್ಗೆ ಏಳೂವರೆ. ಪ್ರತಾಪ ನಗರ ಚೌಕದ ಮೂಲೆಯ ಗಾಡಿಯಲ್ಲಿ ಪೋಹಾ ಹಬೆಯಾಡುತ್ತಿದೆ. ನಮ್ಮ ಒಗ್ಗರಣೆ ಅವಲಕ್ಕಿಯೇ. ಇಲ್ಲಿ ಅದರ ಮೇಲೆ ಕಡಲೆಕಾಳಿನ ಕೆಂಪು ಖಾರದ ರಸ ಸುರಿದು ಕೊಡುತ್ತಾರೆ. ಆ ರಸಕ್ಕೆ ತರ್ರಿ ಎಂದು ಹೆಸರು. ಹತ್ತು ವರ್ಷದ ಮಗಳು ಇನ್ನಷ್ಟು ತರ್ರಿ ಬೇಕೆಂದು ಮರಾಠಿಯಲ್ಲೇ ಕೇಳುತ್ತಾಳೆ. ಆರು ವರ್ಷದ ಮಗ ತನ್ನ ತಟ್ಟೆಗೆ ಎರಡೂ ಕೈ ಅಡ್ಡ ಹಿಡಿದು ನಿಲ್ಲುತ್ತಾನೆ. ಗಾಡಿಯವರು ಮಗಳನ್ನು ‘ತಾಯಿ’ ಎಂದು ಕರೆಯುತ್ತಾರೆ. ಬಂದ ಹೊಸತರಲ್ಲಿ ಮಗ ನನ್ನ ಸೆರಗು ಜಗ್ಗಿ, “ಅಮ್ಮಾ, ಅಕ್ಕನ್ನ ಯಾಕೆ ತಾಯಿ ಅಂತಾರೆ?” ಎಂದು ಕೇಳಿದ್ದ. ಮರಾಠಿಯಲ್ಲಿ ತಾಯಿ ಎಂದರೆ ಅಕ್ಕನೇ ಕಣೋ ಎಂದಾಗ ಅವನಿಗೆ ಸಮಾಧಾನವಾಯಿತು. ಅಂದಿನಿಂದ ಅಕ್ಕನನ್ನು ಅವನೂ ಹಾಗೇ ಕರೆಯುತ್ತಿದ್ದಾನೆ.

ನಾವು ನಾಲ್ವರು ಶ್ರಾವಣ ಮುಗಿಯುವ ಮೊದಲೇ ಬೆಂಗಳೂರಿನಿಂದ ನಾಗಪುರಕ್ಕೆ ಬಂದವರು. ನನ್ನದೂ ಗಂಡನದೂ ಲ್ಯಾಪ್‌ಟಾಪ್ ಇದ್ದಲ್ಲಿ ಮಾಡಬಹುದಾದ ಕೆಲಸ. ತಿರುಗಿ ಬಂದ ಮೇಲೆ ಪರೀಕ್ಷೆ ಬರೆಯಬೇಕೆಂಬ ಷರತ್ತಿನ ಮೇಲೆ ಮಕ್ಕಳ ಶಾಲೆ ಒಪ್ಪಿತು. ಮಕ್ಕಳ ಆಸೆ ಇದ್ದದ್ದು ದ್ವೀಪಕ್ಕೆ ಹೋಗಬೇಕೆಂದು. ಅದಕ್ಕೆ ನಾನೇ ಕಾರಣ. ಜೆರಾಲ್ಡ್ ಡರೆಲ್ ತನ್ನ ಬಾಲ್ಯವನ್ನು ಬರೆದ, 1956ರಲ್ಲಿ ಬಂದ ಪುಸ್ತಕವನ್ನು ರಾತ್ರಿ ಹೊತ್ತು ಕನ್ನಡದಲ್ಲಿ ಹೇಳುತ್ತಿದ್ದೆ. ನಮ್ಮ ಜಮ್‌ಶೆಡ್‌ಪುರದಲ್ಲೇ ಹುಟ್ಟಿದ ಹುಡುಗ. ಹತ್ತು ವರ್ಷದವನಿದ್ದಾಗ, 1935ರಲ್ಲಿ, ವಿಧವೆ ತಾಯಿ ಮಕ್ಕಳನ್ನು ಕಟ್ಟಿಕೊಂಡು ಗ್ರೀಸ್‌ನ ಕೊರ್ಫು ದ್ವೀಪಕ್ಕೆ ಹೋದಳು. 1939ರವರೆಗೆ ಅಲ್ಲೇ ಇದ್ದರು. ಬೇಲಿಯ ಬಸವನಹುಳು, ಗೋಡೆಯ ಹಲ್ಲಿ, ಆಲಿವ್ ತೋಪಿನ ಜೀರುಂಡೆ ಎಲ್ಲವನ್ನೂ ಆ ಹುಡುಗ ಒಂದೊಂದಾಗಿ ಗುರುತು ಮಾಡಿಕೊಂಡ. ಮೂರು ದಿನದ ಪ್ರವಾಸದಲ್ಲಿ ಅದು ಆಗುವ ಮಾತಲ್ಲ.

ಮೆಡಿಟರೇನಿಯನ್ ನಮ್ಮ ಕೈಗೆಟುಕುವಂತಿರಲಿಲ್ಲ. ಪರಿಚಯದವರೊಬ್ಬರ ಮೂಲಕ ಪ್ರತಾಪ ನಗರದಲ್ಲಿ ನೆಲಮಹಡಿಯ ಮನೆ ಬಾಡಿಗೆಗೆ ಸಿಕ್ಕಿತು. ದ್ವೀಪಕ್ಕೆ ಸುತ್ತಲೂ ಕಡಲು. ನಾಗಪುರಕ್ಕೆ ಯಾವ ದಿಕ್ಕಿನಲ್ಲೂ ಕಡಲು ಹತ್ತಿರವಿಲ್ಲ. ಆದರೂ ಡರೆಲ್ ಮನೆಯವರಿಂದ ಕಲಿತದ್ದನ್ನು ಬಿಡಲಿಲ್ಲ: ಒಂದೇ ಕಡೆ ಮನೆ ಹಿಡಿಯುವುದು, ನಡೆದು ತಿರುಗುವುದು, ಅವಸರ ಮಾಡದಿರುವುದು.

ಚೌಕದಿಂದ ಒಳಗೆ ತಿರುಗಿದರೆ ಬಡಾವಣೆಯ ಬೀದಿಗಳು. ಕಾಂಪೌಂಡಿನೊಳಗೆ ಪೇರಲ, ಹೊರಗೆ ಬೇವು. ಬೆಂಗಳೂರಿನವರ ಕಣ್ಣಿಗೆ ಮೊದಲು ಬೀಳುವುದು ಕಿಟಕಿ ಕಿಟಕಿಗೂ ಕಬ್ಬಿಣದ ಸ್ಟ್ಯಾಂಡಿನ ಮೇಲೆ ಕೂತ ದೊಡ್ಡ ಕೂಲರ್‌ಗಳು. ಮೇ ತಿಂಗಳಲ್ಲಿ ಇಲ್ಲಿ 45 ಡಿಗ್ರಿ ದಾಟುವುದು ಮಾಮೂಲು. ಆಗ ಅವುಗಳಿಗೆ ನೀರು ತುಂಬುವುದು ಮನೆಯ ನಿತ್ಯದ ಕೆಲಸ. ಈಗ ಚಳಿಗಾಲ, ಕೂಲರ್‌ಗಳು ಹೊದಿಕೆ ಹೊದ್ದು ಮಲಗಿವೆ. ನಮ್ಮ ಬೀದಿಯ ಒಂದು ಕೂಲರಿನ ಹಿಂದೆ ಬೆಕ್ಕು ಮರಿ ಹಾಕಿದ್ದನ್ನು ಮೊದಲು ಕಂಡವನು ನನ್ನ ಮಗ. ಅದು ಬೀದಿಗೆಲ್ಲ ತಿಳಿದ ದಿನ ಅವನಿಗೆ ಐದು ಮನೆಗಳಲ್ಲಿ ಸ್ನೇಹವಾಯಿತು.

ದಕ್ಷಿಣಕ್ಕೆ ನಡೆದರೆ ಖಾಮಲಾ. ಸಿಂಧಿ ಕುಟುಂಬಗಳು ನೆಲೆಸಿರುವ ಕಾಲೋನಿ ಇಲ್ಲೇ ಇದೆ. ತರಕಾರಿ ಮಾರುವವರು “ಸಾಂಭಾರ್, ಸಾಂಭಾರ್” ಎಂದು ಕೂಗಿದಾಗ ಮಕ್ಕಳು ಪಾತ್ರೆ ಹುಡುಕಿದ್ದರು. ವಿದರ್ಭದಲ್ಲಿ ಕೊತ್ತಂಬರಿ ಸೊಪ್ಪಿಗೆ ಸಾಂಭಾರ್ ಎನ್ನುತ್ತಾರೆ. ಕಟ್ಟುಗಟ್ಟಲೆ ಆ ಸೊಪ್ಪನ್ನು ಹೆಚ್ಚಿ ಮಸಾಲೆ ಕೂಡಿಸಿ, ಹಿಟ್ಟಿನ ಹಾಳೆಯಲ್ಲಿ ಸುತ್ತಿ ಕರಿದರೆ ಸಾಂಭಾರ್ ವಡಿ. ಪಕ್ಕದ ಮನೆಯ ಕಾಕು, ಎಂದರೆ ಚಿಕ್ಕಮ್ಮ, ಮಾಡಿ ಕಳಿಸುತ್ತಾರೆ. ನಾನು ತಟ್ಟೆ ತುಂಬ ಚಿತ್ರಾನ್ನ ಹಾಕಿ ಹಿಂದಿರುಗಿಸುತ್ತೇನೆ. ದೀಪಾವಳಿ ಕಳೆದ ಮೇಲೆ ಗಾಡಿಗಳಲ್ಲಿ ಕಿತ್ತಳೆಯ ರಾಶಿ. ಸಡಿಲ ಸಿಪ್ಪೆಯ ಈ ಹಣ್ಣಿಗೆ 2014ರಲ್ಲಿ ಭೌಗೋಳಿಕ ಸೂಚ್ಯಂಕ ದೊರೆತಿದೆ. ಕೊಡಗಿನ ಕಿತ್ತಳೆ ತಿಂದವರಿಗೆ ರುಚಿಯ ವ್ಯತ್ಯಾಸ ನಾಲಿಗೆಯೇ ಹೇಳುತ್ತದೆ.

ಉತ್ತರಕ್ಕೆ ಮಾಟೆ ಚೌಕದ ಕಡೆ ನಡೆದರೆ ಉದ್ದನೆಯ ಕಾಂಪೌಂಡು, ಅದರಾಚೆ ದಟ್ಟ ಮರಗಳು. ಗೇಟಿನ ಮೇಲಿನ ಹೆಸರನ್ನು ಮಗಳು ಜೋರಾಗಿ ಓದಿದಳು: ವಿಶ್ವೇಶ್ವರಯ್ಯ ರಾಷ್ಟ್ರೀಯ ತಾಂತ್ರಿಕ ಸಂಸ್ಥೆ. “ನಮ್ಮ ಕೆಆರ್‌ಎಸ್ ವಿಶ್ವೇಶ್ವರಯ್ಯನವರಾ?” ಹೌದು, ಮುದ್ದೇನಹಳ್ಳಿಯವರೇ. 1960ರಲ್ಲಿ, ಅವರು ಇನ್ನೂ ಬದುಕಿದ್ದಾಗಲೇ, ಇಲ್ಲಿನ ಪ್ರಾದೇಶಿಕ ಎಂಜಿನಿಯರಿಂಗ್ ಕಾಲೇಜು ಅವರ ಹೆಸರಿನಲ್ಲಿ ಆರಂಭವಾಯಿತು. 2002ರಲ್ಲಿ ರಾಷ್ಟ್ರೀಯ ಸಂಸ್ಥೆಯಾಯಿತು. ಊರಿನಿಂದ ಸಾವಿರ ಕಿಲೋಮೀಟರ್ ಆಚೆ ಸಂಜೆಯ ನಡಿಗೆಯಲ್ಲಿ ಆ ಹೆಸರು ಎದುರಾದಾಗ ನನಗೆ ಎದೆ ತುಂಬಿ ಬಂತು.

ದೂರ ಹೋಗಬೇಕಾದ ದಿನ ಆಟೊ ಹಿಡಿದು ಸುಭಾಷ್ ನಗರ ನಿಲ್ದಾಣಕ್ಕೆ ಹೋಗುತ್ತೇವೆ. ಮೆಟ್ರೊ ಅಂಬಾಝರಿ ಕೆರೆಯ ಪಕ್ಕದಲ್ಲೇ ಸಾಗುತ್ತದೆ. 1870ರಲ್ಲಿ ಕಟ್ಟಿದ ಕೆರೆ. ಊರಿಗೆ ಹೆಸರು ಕೊಟ್ಟ ನಾಗ ನದಿ ಹರಿದು ಹೋಗುವುದು ಇಲ್ಲಿಂದಲೇ. 2023ರ ಸೆಪ್ಟೆಂಬರಿನಲ್ಲಿ ಒಂದೇ ರಾತ್ರಿಯ ಮಳೆಗೆ ಇದು ಉಕ್ಕಿ ಕೆಳಗಿನ ಬಡಾವಣೆಗಳು ಮುಳುಗಿದ್ದವು. ಮಳೆಗಾಲದಲ್ಲಿ ಮನೆ ಹಿಡಿಯುವವರು ತಗ್ಗಿನ ಜಾಗ ತಪ್ಪಿಸಬೇಕು. ಸೀತಾಬರ್ಡಿಯಲ್ಲಿ ರೈಲು ಬದಲಿಸಿದರೆ ಮುಂದಿನ ನಿಲ್ದಾಣವೇ ಝೀರೊ ಮೈಲ್.

ಇಲ್ಲಿ ನಾಲ್ಕು ಕಲ್ಲಿನ ಕುದುರೆಗಳು, ಒಂದು ಮರಳುಗಲ್ಲಿನ ಕಂಬ. ಬ್ರಿಟಿಷರ ಕಾಲದ ಭಾರತದ ನಡುಮಧ್ಯ ಇದೇ ಎಂಬುದು ಜನರ ನಂಬಿಕೆ. ಸರ್ವೇಕ್ಷಣೆಯವರು 1907ರಲ್ಲಿ ಇಟ್ಟ ಎತ್ತರದ ಗುರುತಿನ ಕಲ್ಲೂ ಇಲ್ಲೇ ಇದೆ. ಸಮುದ್ರಮಟ್ಟದಿಂದ ಈ ಜಾಗ ಸಾವಿರ ಅಡಿಗಿಂತ ತುಸು ಮೇಲಿದೆ ಎಂದೆ. “ಸಮುದ್ರವೇ ಇಲ್ಲವಲ್ಲ, ಅಲ್ಲಿಂದ ಹೇಗೆ ಅಳೆದರು?” ಎಂದಳು ಮಗಳು. ಕರಾವಳಿಯಿಂದ ಹೆಜ್ಜೆ ಹೆಜ್ಜೆಗೂ ಎತ್ತರ ಅಳೆಯುತ್ತ, ಗುರುತಿನ ಕಲ್ಲು ನೆಡುತ್ತ ಒಳನಾಡಿಗೆ ಬಂದವರ ಕಥೆಯನ್ನು ಅಲ್ಲೇ ಕಟ್ಟೆಯ ಮೇಲೆ ಕೂತು ಹೇಳಿದೆ. ಕಡಲು ಇಲ್ಲದ ಊರಿನಲ್ಲಿ ಅವಳಿಗೆ ಕಡಲಿನ ಲೆಕ್ಕ ಸಿಕ್ಕಿತು. ಆ ವಾರವಿಡೀ ಮನೆಯ ಮೆಟ್ಟಿಲುಗಳನ್ನು ಸ್ಕೇಲ್ ಹಿಡಿದು ಅಳೆದು, ನಮ್ಮ ಅಡುಗೆಮನೆ ಬೀದಿಗಿಂತ ಎಷ್ಟು ಮೇಲಿದೆ ಎಂದು ಬರೆದಿಟ್ಟಳು. ಶಾಲೆ ತಪ್ಪಿತಲ್ಲ ಎಂಬ ನನ್ನ ಕಳವಳ ಅವತ್ತಿಗೆ ಕರಗಿತು.

ಸರ್ ಸಿ.ವಿ. ರಾಮನ್ ತರುಣ ಅಧಿಕಾರಿಯಾಗಿ 1910ರಲ್ಲಿ ಕೆಲಕಾಲ ಈ ಊರಿನಲ್ಲಿದ್ದರು. 1992ರಲ್ಲಿ ತೆರೆದ ವಿಜ್ಞಾನ ಕೇಂದ್ರಕ್ಕೆ ಅವರದೇ ಹೆಸರು. ಅಲ್ಲಿಗೆ ನಾವು ಐದು ಸಲ ಹೋದೆವು. ಮಕ್ಕಳಿಗೆ ಒಂದು ಸಲ ಸಾಲದು. ಇಷ್ಟವಾದ ಆಟಿಕೆಯ ಮುಂದೆ ಅರ್ಧ ಗಂಟೆ ನಿಲ್ಲಲು ಬಿಡಬೇಕು.

ಬಂದ ಸ್ವಲ್ಪ ದಿನಕ್ಕೇ ಪೋಳಾ ಬಂತು, ಎತ್ತಿನ ಹಬ್ಬ. ಮರುದಿನ ತಾನ್ಹಾ ಪೋಳಾ, ಮಕ್ಕಳ ಪಾಲಿನ ಹಬ್ಬ. ಗಾಲಿ ಇರುವ ಮರದ ಎತ್ತನ್ನು ಸಿಂಗರಿಸಿ, ಹಗ್ಗ ಕಟ್ಟಿ ಎಳೆಯುತ್ತ ಮಕ್ಕಳು ಮನೆ ಮನೆಗೆ ಬರುತ್ತಾರೆ. ಮನೆಯವರು ಎತ್ತಿಗೆ ಆರತಿ ಎತ್ತಿ ಮಕ್ಕಳ ಕೈಗೆ ದುಡ್ಡು ಇಲ್ಲವೆ ಸಿಹಿ ಕೊಡುತ್ತಾರೆ. ಅದಕ್ಕೆ ಬೋಜಾರಾ ಎನ್ನುತ್ತಾರೆ. ಭೋಸಲೆ ಅರಸರು ಹಾಕಿಕೊಟ್ಟ ಪದ್ಧತಿ ಎಂಬುದು ಇಲ್ಲಿನವರ ಮಾತು. ಕಾಕು ತಮ್ಮ ಅಟ್ಟದಿಂದ ಹಳೆಯ ಎತ್ತೊಂದನ್ನು ಇಳಿಸಿ ಮಗನಿಗೆ ಕೊಟ್ಟರು. ನನ್ನ ತವರು ಗದಗಿನ ಕಡೆ. ಕಾರಹುಣ್ಣಿಮೆ ಆದ ಮೇಲೆ ಬರುವ ಮಣ್ಣೆತ್ತಿನ ಅಮಾವಾಸ್ಯೆಗೆ ನಾವು ಕೆರೆಯ ಮಣ್ಣು ತಂದು ಎತ್ತು ಮಾಡಿ, ಮೇವಿನ ಗ್ವಾದಲಿ ಕಟ್ಟಿ ಪೂಜೆ ಮಾಡುತ್ತಿದ್ದೆವು. ಅದನ್ನು ಹೇಳಿದಾಗ ಕಾಕು ನನ್ನ ಕೈ ಹಿಡಿದುಕೊಂಡರು. ಅಲ್ಲಿ ಮಣ್ಣು, ಇಲ್ಲಿ ಮರ. ಎರಡು ಕಡೆಯೂ ಎತ್ತು ಮಕ್ಕಳ ಕೈಯಲ್ಲಿ. ಬೆಂಗಳೂರಿನಲ್ಲಿ ನನ್ನ ಮಕ್ಕಳಿಗೆ ಎರಡೂ ಸಿಕ್ಕಿರಲಿಲ್ಲ ಎಂಬುದು ಆ ಸಂಜೆ ನನ್ನನ್ನು ಚುಚ್ಚಿತು.

ವಿಜಯದಶಮಿಗೆ ದೀಕ್ಷಾಭೂಮಿ. 1956ರ ಅಕ್ಟೋಬರ್ 14ರಂದು ಬಾಬಾಸಾಹೇಬ್ ಅಂಬೇಡ್ಕರ್ ಲಕ್ಷಾಂತರ ಜನರೊಂದಿಗೆ ಬೌದ್ಧ ಧಮ್ಮ ಸ್ವೀಕರಿಸಿದ ನೆಲ. ನಮ್ಮ ಮನೆಯಿಂದ ಕೆಲವೇ ಕಿಲೋಮೀಟರ್. ಅಂದು ಸುತ್ತಲಿನ ರಸ್ತೆಗಳಲ್ಲಿ ವಾಹನಕ್ಕೆ ಜಾಗವಿಲ್ಲ, ನಡೆದೇ ಹೋದೆವು. ಬಿಳಿ ಬಟ್ಟೆಯ ಜನಸಾಗರ, ದಾರಿಯುದ್ದಕ್ಕೂ ನೀರು, ಊಟ ಹಂಚುವ ಸ್ವಯಂಸೇವಕರು, ಎಲ್ಲಕ್ಕಿಂತ ಹೆಚ್ಚಾಗಿ ಪುಸ್ತಕದ ಅಂಗಡಿಗಳು. ಜಾತ್ರೆಯಲ್ಲಿ ಜನ ಚೀಲ ತುಂಬ ಪುಸ್ತಕ ಒಯ್ಯುವುದನ್ನು ನಾನು ನೋಡಿದ್ದು ಅಲ್ಲೇ. ಸ್ತೂಪದ ನೆರಳಿನಲ್ಲಿ ಕೂತಿದ್ದ ಅಜ್ಜಿಯೊಬ್ಬರು ಮಗನ ಮಾತು ಕೇಳಿ ತಿರುಗಿದರು: “ಏ ತಮ್ಮಾ, ಕನ್ನಡ ಮಾತಾಡ್ತಿ, ಯಾವೂರಂವ?” ಕಲಬುರ್ಗಿ ಕಡೆಯ ಹಳ್ಳಿಯವರು. ಬುತ್ತಿ ಬಿಚ್ಚಿ ಕಟಕ ರೊಟ್ಟಿ, ಶೇಂಗಾ ಹಿಂಡಿ ಕೊಟ್ಟರು. “ಬಾಬಾಸಾಹೇಬ್ರ ಮಣ್ಣಿಗಿ ಬಂದೀಯಪ್ಪಾ, ಛಲೋ ಓದು” ಎಂದು ಅವನ ತಲೆ ಸವರಿದರು. ಮಗ ಈಗಲೂ ದೀಕ್ಷಾಭೂಮಿಗೆ ‘ರೊಟ್ಟಿ ಅಜ್ಜಿಯ ಜಾಗ’ ಎನ್ನುತ್ತಾನೆ. ಮಗಳು ಅಲ್ಲಿ ಕೊಂಡ ಅಂಬೇಡ್ಕರರ ಚಿತ್ರ ಜೀವನಚರಿತ್ರೆಯನ್ನು ಹಿಂದಿಯಲ್ಲಿ ತಡವರಿಸಿ ಓದಿ ಮುಗಿಸಿದ್ದಾಳೆ.

ಬರುವವರಿಗೆ ನಾಲ್ಕು ಮಾತು. ಬೆಂಗಳೂರಿನಿಂದ ಸಂಘಮಿತ್ರ ಎಕ್ಸ್‌ಪ್ರೆಸ್ಸೂ ರಾಜಧಾನಿಯೂ ನಾಗಪುರದ ಮೇಲೆ ಹಾದು ಹೋಗುತ್ತವೆ; ಕಾರಿನಲ್ಲಿ ಬಂದರೆ ಹೆಬ್ಬಾಳದಿಂದ ಹಿಡಿದ ರಾಷ್ಟ್ರೀಯ ಹೆದ್ದಾರಿ 44 ಇಲ್ಲಿಗೆ ತಲುಪಿಸುತ್ತದೆ. ಬೆಳಗಾವಿಯಲ್ಲಿ ನಮ್ಮ ವಿಧಾನಮಂಡಲ ಸೇರುವಂತೆ ಮಹಾರಾಷ್ಟ್ರದ ಚಳಿಗಾಲದ ಅಧಿವೇಶನ ಡಿಸೆಂಬರಿನಲ್ಲಿ ಇಲ್ಲಿ ನಡೆಯುತ್ತದೆ. ಆಗ ಹೋಟೆಲ್ ಸಿಗುವುದು ಕಷ್ಟ, ರಸ್ತೆಗಳಲ್ಲಿ ಪೊಲೀಸರ ತಡೆ ಹೆಚ್ಚು. ಮಕ್ಕಳೊಂದಿಗೆ ಏಪ್ರಿಲ್, ಮೇ ತಿಂಗಳಲ್ಲಿ ಖಂಡಿತ ಬರಬೇಡಿ. ವಾರಕ್ಕೆ ಬರುವುದಾದರೆ ಊರಿನ ನಡುವೆ ಹೋಟೆಲ್ ಸಾಕು. ತಿಂಗಳುಗಟ್ಟಲೆ ಇರುವುದಾದರೆ ಪ್ರತಾಪ ನಗರ, ತ್ರಿಮೂರ್ತಿ ನಗರ, ಗೋಪಾಲ ನಗರದಂಥ ಮನೆಗಳ ಬಡಾವಣೆಯಲ್ಲೇ ಮನೆ ನೋಡಿ. ನೋಡತಕ್ಕ ಜಾಗಗಳ ಪಟ್ಟಿಯಲ್ಲಿ ಇವುಗಳ ಹೆಸರಿಲ್ಲ, ಆದರೆ ಮಕ್ಕಳಿಗೆ ಜೊತೆಗಾರರು ಸಿಗುವುದು ಇಲ್ಲೇ.

ಜನವರಿ ಕೊನೆಗೆ ನಾವು ಹೊರಡಬೇಕು. ಮರದ ಎತ್ತನ್ನು ಮಗ ತಿರುಗಿ ಕೊಡಲು ಹೋದಾಗ ಕಾಕು ತೆಗೆದುಕೊಳ್ಳಲಿಲ್ಲ. ಬಟ್ಟೆಯಲ್ಲಿ ಸುತ್ತಿದ ಅದು ಈಗ ನಮ್ಮ ಪೆಟ್ಟಿಗೆಯಲ್ಲಿ ಎಲ್ಲಕ್ಕಿಂತ ಮೇಲಿದೆ.