ಏಳೂವರೆ ನಿಮಿಷದ ತಡೆ

ಶಿಡ್ಲಘಟ್ಟದ ಕಡೆ ಟೆನಿಸ್ ಬಾಲ್ ಪಂದ್ಯ ನಿಲ್ಲುವುದು ಚೆಂಡು ಹಿಪ್ಪುನೇರಳೆ ತೋಟಕ್ಕೆ ಹಾರಿದಾಗ. ಎರಡೂ ಕಡೆಯ ಹುಡುಗರು ಸೊಪ್ಪಿನ ಸಾಲುಗಳಿಗೆ ನುಗ್ಗುತ್ತಾರೆ. ಚೆಂಡು ಸಿಕ್ಕಿತೋ, ಆಟ ಮತ್ತೆ ಶುರು. ಆ ಬಿಡುವನ್ನು ಆಟವೇ ತಂದುಕೊಂಡಿರುತ್ತದೆ. ಐಪಿಎಲ್‌ನ ‘ಸ್ಟ್ರಾಟಜಿಕ್ ಟೈಮ್‌ಔಟ್’ ಹಾಗಲ್ಲ.

ಅದು ಬಂದದ್ದು 2009ರಲ್ಲಿ. ಆ ಮಾರ್ಚ್‌ನಲ್ಲಿ ಪ್ರಸಾರ ಹಕ್ಕಿನ ಹಳೆಯ ಒಪ್ಪಂದ ಮುರಿದು, ಹೊಸದು ಕುದುರಿತ್ತು. ಹತ್ತು ವರ್ಷಕ್ಕೆ 100 ಕೋಟಿ ಡಾಲರ್ ಆಸುಪಾಸಿದ್ದ ಬೆಲೆ, ಒಂಬತ್ತು ವರ್ಷಕ್ಕೆ 160 ಕೋಟಿ ದಾಟಿತು. ಲೋಕಸಭಾ ಚುನಾವಣೆಯ ಕಾರಣ ಟೂರ್ನಿ ದಕ್ಷಿಣ ಆಫ್ರಿಕಾಕ್ಕೆ ಹೋಯಿತು. ಅಲ್ಲಿ ಪ್ರತಿ ಇನಿಂಗ್ಸ್‌ನ ಹತ್ತನೇ ಓವರ್ ಮುಗಿಯುತ್ತಲೇ ಏಳೂವರೆ ನಿಮಿಷ ಆಟ ಬಂದ್. ಹೆಸರು ತಂತ್ರಗಾರಿಕೆಯದು, ಲಾಭ ಜಾಹೀರಾತಿನದು. ಅಮೆರಿಕದ ಕಾಲೇಜು ಬ್ಯಾಸ್ಕೆಟ್‌ಬಾಲ್‌ನಲ್ಲಿ ಇದು ಮೊದಲೇ ಇತ್ತು: ಪುರುಷರ ಪಂದ್ಯದ 20 ನಿಮಿಷಗಳ ಪ್ರತಿ ಅವಧಿಯಲ್ಲಿ ಗಡಿಯಾರ 16, 12, 8, 4 ನಿಮಿಷಗಳಿಗಿಂತ ಕೆಳಗಿಳಿದ ಮೇಲೆ ಆಟ ಮೊದಲ ಸಲ ನಿಂತಾಗ ಟಿ.ವಿ.ಗೆ ಬಿಡುವು. ಅಲ್ಲಿನ ಕೋಚ್‌ಗಳು ಅದನ್ನು ಲೆಕ್ಕ ಹಾಕಿಯೇ ತಮ್ಮ ಪಾಲಿನ ಟೈಮ್‌ಔಟ್ ಉಳಿಸಿಕೊಳ್ಳುತ್ತಾರೆ.

ಕ್ರಿಕೆಟ್‌ನಲ್ಲಿ ಪೆಟ್ಟು ಬೇರೆ ಕಡೆ ಬಿತ್ತು. ಕುದುರಿಕೊಂಡ ಬ್ಯಾಟರ್‌ನ ಲಯ ತಪ್ಪುತ್ತದೆ, ಬೌಲರ್‌ನ ಮೈ ತಣ್ಣಗಾಗುತ್ತದೆ, ನಿಜ. ನನಗೆ ಹೆಚ್ಚು ನೋವಾಗುವುದು ನಾಯಕನ ವಿಷಯದಲ್ಲಿ. ಈ ಆಟದಲ್ಲಿ ಬೌಂಡರಿ ಗೆರೆಯೊಳಗೆ ಯೋಚಿಸಬೇಕಾದವನು ಅವನೊಬ್ಬನೇ. ಟೈಮ್‌ಔಟ್ ಬಂದದ್ದೇ ಕೋಚ್ ಚೀಟಿ ಹಿಡಿದು ಪಿಚ್ ಬಳಿಗೇ ನಡೆದು ಬಂದರು.

ಅದೇ ವರ್ಷದ ಮೇ 24ರ ಫೈನಲ್ ನೆನೆಯಿರಿ. ಜೊಹಾನೆಸ್‌ಬರ್ಗ್‌ನಲ್ಲಿ ಆರ್‌ಸಿಬಿ ನಾಯಕ, ನಮ್ಮ ಅನಿಲ್ ಕುಂಬ್ಳೆ ಹೊಸ ಚೆಂಡನ್ನು ತಾವೇ ಕೈಗೆತ್ತಿಕೊಂಡು, ಮೊದಲ ಓವರ್‌ನಲ್ಲೇ ಗಿಲ್‌ಕ್ರಿಸ್ಟ್‌ರನ್ನು ಸೊನ್ನೆಗೆ ಬೌಲ್ಡ್ ಮಾಡಿದರು. ಸ್ಪಿನ್ನರ್ ದಾಳಿ ಆರಂಭಿಸುವ ಆ ಧೈರ್ಯಕ್ಕೆ ಯಾವ ಬಿಡುವೂ ಬೇಕಾಗಿರಲಿಲ್ಲ. 16 ರನ್‌ಗೆ ನಾಲ್ಕು ವಿಕೆಟ್ ಕಿತ್ತರು. ಆರ್‌ಸಿಬಿ ಆರು ರನ್‌ಗಳಿಂದ ಸೋತರೂ ಪಂದ್ಯಶ್ರೇಷ್ಠ ಅವರೇ.

ಟೀಕೆ ಜೋರಾಯಿತು. 2010ರಲ್ಲಿ ಏಳೂವರೆ ನಿಮಿಷವನ್ನು ಕೈಬಿಟ್ಟು, ಇನಿಂಗ್ಸ್‌ಗೆ ಎರಡೂವರೆ ನಿಮಿಷದ ಎರಡು ಬಿಡುವು ಮಾಡಿದರು. ಅದಕ್ಕೂ ಪ್ರಾಯೋಜಕರು ಬಂದರು. ಈಗ ಫೀಲ್ಡಿಂಗ್ ತಂಡ 6ರಿಂದ 9ನೇ ಓವರ್ ನಡುವೆ, ಬ್ಯಾಟಿಂಗ್ ತಂಡ 13ರಿಂದ 16ರ ನಡುವೆ ತೆಗೆದುಕೊಳ್ಳಲೇಬೇಕು. ಬೇಕಿದ್ದರೆ ಮಾತ್ರ ತೆಗೆದುಕೊಳ್ಳುವ ಹಕ್ಕನ್ನಾದರೂ ನಾಯಕನಿಗೆ ಕೊಡಬೇಕಿತ್ತು. ಹಾಗೆ ಕೊಟ್ಟರೆ ಜಾಹೀರಾತಿನ ಸಮಯವನ್ನು ಮೊದಲೇ ಮಾರಲಾಗದು. ಆ ನಷ್ಟ ಚಾನೆಲ್ ಹೊರಲಿ, ಆಟ ಏಕೆ ಹೊರಬೇಕು?