ಕವಚದ ಮೀನನ್ನು ಕೊಳ್ಳುವ ಮುನ್ನ

ವೈಟ್‌ಫೀಲ್ಡಿನಲ್ಲೋ ಎಲೆಕ್ಟ್ರಾನಿಕ್ ಸಿಟಿಯಲ್ಲೋ ಮನೆ ಮಾಡಿರುವ ನಿಮಗೆ ಗಾಜಿನ ತೊಟ್ಟಿಯಲ್ಲಿ ಬಣ್ಣದ ಮೀನು ಸಾಕುವ ಮನಸ್ಸಾಗಿರಬಹುದು. ಅಂಗಡಿಗೆ ಹೋದರೆ, ಗಾಜಿಗೆ ಬಾಯಿ ಅಂಟಿಸಿಕೊಂಡ ಬೆರಳುದ್ದದ ಚುಕ್ಕೆಮೀನೊಂದನ್ನು ತೋರಿಸಿ, "ಇದೂ ಒಂದಿರಲಿ, ಪಾಚಿಯನ್ನೆಲ್ಲ ತಿಂದು ತೊಟ್ಟಿಯನ್ನು ಶುಚಿಯಾಗಿಡುತ್ತದೆ" ಎನ್ನುತ್ತಾರೆ. ಕೊಳ್ಳುವ ಮುನ್ನ ಅದರ ಕುಲಗೋತ್ರವನ್ನು ಸ್ವಲ್ಪ ವಿಚಾರಿಸುವುದು ಒಳ್ಳೆಯದು.

ಪೇಟೆಯಲ್ಲಿ 'ಸಕ್ಕರ್' ಎನಿಸಿಕೊಳ್ಳುವ ಈ ಮೀನಿನ ತವರು ದಕ್ಷಿಣ ಅಮೆರಿಕದ ನದಿಗಳು. ಸಾಮಾನ್ಯವಾಗಿ ಮಾರಾಟಕ್ಕೆ ಬರುವುದು ಟೆರಿಗೊಪ್ಲಿಕ್ತಿಸ್ ಎಂಬ ಕುಲದ್ದು. ನಮ್ಮ ಕೆರೆಗಳ ಮೀಸೆಮೀನುಗಳಿಗೆ ಹುರುಪೆಯಿಲ್ಲ, ಮೈ ನುಣುಪು. ಇದರ ಮೈಮೇಲಾದರೋ ಮೂಳೆಯ ಫಲಕಗಳ ಕವಚ.

ಪಾಚಿಯೊಂದರಿಂದಲೇ ಇದರ ಹೊಟ್ಟೆ ತುಂಬದು. ರಾತ್ರಿ ಸಂಚರಿಸುವ ಪ್ರಾಣಿಯಾದ್ದರಿಂದ ದೀಪ ಆರಿಸಿದ ಮೇಲೆ ಸೌತೆಕಾಯಿಯ ಹೋಳನ್ನೋ ಬೇಯಿಸಿದ ಪಾಲಕ್ ಸೊಪ್ಪನ್ನೋ ಹಾಕಿ, ಉಳಿದುದನ್ನು ಬೆಳಿಗ್ಗೆ ತೆಗೆಯಬೇಕು. ನಲ್ಲಿಯ ನೀರಾದರೆ ಕ್ಲೋರಿನ್ ಹೋಗಲಾಡಿಸಿಯೇ ತುಂಬಬೇಕು. ನೀರಿನ ಉಷ್ಣತೆ 24ರಿಂದ 28 ಡಿಗ್ರಿ ಸೆಲ್ಸಿಯಸ್ ಇದ್ದರೆ ಹಿತ. ಬೆಂಗಳೂರಿನ ಡಿಸೆಂಬರ್ ಚಳಿಗೆ ಹೀಟರ್ ಬೇಕಾಗುತ್ತದೆ. ಇದು ಶುಚಿಗೊಳಿಸುವುದಕ್ಕಿಂತ ಹೊಲಸು ಮಾಡುವುದೇ ಹೆಚ್ಚಾದುದರಿಂದ, ಒಳ್ಳೆಯ ಫಿಲ್ಟರ್ ಇಟ್ಟು, ವಾರಕ್ಕೊಮ್ಮೆ ಕಾಲುಭಾಗ ನೀರನ್ನು ಬದಲಿಸಬೇಕು.

ಇಷ್ಟೆಲ್ಲ ಮಾಡಿದಿರೆನ್ನಿ, ಬೆರಳುದ್ದದ ಮೀನು ಮೊಳದುದ್ದವಾಗುತ್ತದೆ. 40 ಸೆಂಟಿಮೀಟರು ಬೆಳೆಯುವ, ಹತ್ತು ವರ್ಷಕ್ಕೂ ಹೆಚ್ಚು ಬಾಳಬಲ್ಲ ಈ ಅತಿಥಿಗೆ ನೂರಾರು ಲೀಟರಿನ ತೊಟ್ಟಿ ಬೇಕು. ಆಗ, 'ಪಾಪ, ಕೆರೆಗೆ ಬಿಟ್ಟರೆ ಬದುಕಿಕೊಂಡೀತು' ಎಂಬ ಯೋಚನೆ ಬರುವುದು ಸಹಜ. ಅದು ಬದುಕುತ್ತದೆ, ಅದೇ ಕಷ್ಟ. ಮೇಲಕ್ಕೆ ಬಂದು ಗಾಳಿ ನುಂಗಿ ಉಸಿರಾಡಬಲ್ಲುದರಿಂದ ಕೊಳಕು ನೀರಿಗೂ ಅದು ಜಗ್ಗದು. ಮೊಟ್ಟೆಯಿಡಲೆಂದು ದಡದ ಮಣ್ಣಿನಲ್ಲಿ ಒಂದು ಮೀಟರಿನಷ್ಟು ಆಳದ ಬಿಲ ತೋಡುತ್ತದೆ; ಅದರ ಮುಳ್ಳುಗಳು ಬೆಸ್ತರ ಬಲೆಯನ್ನು ಹರಿಯುತ್ತವೆ. ಕೇರಳ, ತಮಿಳುನಾಡು, ಆಂಧ್ರಪ್ರದೇಶಗಳ ನೀರಿನಲ್ಲಿ ಅದು ಆಗಲೇ ನೆಲೆಯೂರಿದೆ. ಇನ್ನು ನಮ್ಮ ಕೆರೆಗಳು ಒಂದಕ್ಕೊಂದು ಕೂಡಿಕೊಂಡಿವೆ. ವರ್ತೂರು ಕೆರೆಯ ಕೋಡಿ ಹರಿದರೆ ನೀರು ದಕ್ಷಿಣ ಪಿನಾಕಿನಿಯನ್ನು ಸೇರಿ, ಹೊಸೂರಿನ ಬಳಿಯ ಕೆಲವರಪಲ್ಲಿ ಜಲಾಶಯಕ್ಕೆ ಹೋಗುತ್ತದೆ. ಒಬ್ಬರ ಮನೆಯ ಮೀನು ಊರೂರಿನ ಪಾಲಿನ ಕಂಟಕವಾಗಬಹುದು.

ಕವಚದ ಮೀನೇ ಬೇಕೆನ್ನುವವರು ಇದೇ ಮನೆತನದ, ಮೂತಿಯ ಮೇಲೆ ಎಳೆಗಳುಳ್ಳ ಆನ್ಸಿಸ್ಟ್ರಸ್ ಮೀನನ್ನು ಕೇಳಿ ತರಬಹುದು. ಅದು ಸುಮಾರು 15 ಸೆಂಟಿಮೀಟರಿಗೆ ಬೆಳೆದು ನಿಲ್ಲುತ್ತದೆ. ದೊಡ್ಡದು ಈಗಾಗಲೇ ಮನೆಯಲ್ಲಿದ್ದರೆ ಅಂಗಡಿಯವರಿಗೋ ದೊಡ್ಡ ತೊಟ್ಟಿಯುಳ್ಳ ಗೆಳೆಯರಿಗೋ ಒಪ್ಪಿಸಿ. ಕೆರೆಗೆ ಮಾತ್ರ ಬಿಡಬೇಡಿ.