ಗುಳಿಗೆಗೆ ಬೆಲೆ ಕಟ್ಟುವವರಾರು?

ರೋಣದಿಂದ ನರಗುಂದಕ್ಕೆ ಸಾಗುವ ದಾರಿಯಲ್ಲಿ, ಬೆಣ್ಣಿಹಳ್ಳದ ಬದಿಯಲ್ಲಿ ಯಾವಗಲ್ ಗ್ರಾಮವಿದೆ. ಸುತ್ತಲೂ ಎರೆಯ ಹೊಲಗಳು. ಹತ್ತಿ, ಜೋಳ, ಕಡಲೆಗಳನ್ನು ಬೆಳೆಯುವ ಈ ಸೀಮೆಯ ರೈತನು ತನ್ನ ಬೆಳೆಗೆ ತಾನೇ ಬೆಲೆ ಕಟ್ಟಲಾರನು. ಅದನ್ನು ಪೇಟೆಯೇ ಕಟ್ಟುತ್ತದೆ. ಮನೆಯ ಹಿರಿಯರ ರಕ್ತದೊತ್ತಡಕ್ಕೋ ಮಧುಮೇಹಕ್ಕೋ ವೈದ್ಯರು ಬರೆದ ಚೀಟಿಯನ್ನು ಹಿಡಿದು ಅಂಗಡಿಗೆ ಹೋದಾಗಲೂ ಅವನ ಮಾತು ನಡೆಯದು. ಸೀರೆ ಕೊಳ್ಳುವಾಗ ಚೌಕಾಸಿ ಮಾಡಬಹುದು. ಗುಳಿಗೆ ಕೊಳ್ಳುವಾಗ ಮಾಡುವಂತಿಲ್ಲ. ಪಟ್ಟಣದ ಗೃಹಸ್ಥನ ಪಾಡೂ ಇದಕ್ಕಿಂತ ಬೇರೆಯಲ್ಲ. ಹಾಗಾದರೆ ಈ ಬೆಲೆಯನ್ನು ಕಟ್ಟುವವರಾರು?

ಸ್ವಾತಂತ್ರ್ಯ ಬಂದಾಗ ದೇಶದಲ್ಲಿ ಜಾರಿಯಲ್ಲಿದ್ದುದು 1911ರ ಪೇಟೆಂಟು ಕಾಯಿದೆ. ಪೇಟೆಂಟುಗಳಲ್ಲಿ ಬಹುಪಾಲು ವಿದೇಶಿಯರ ಕೈಯಲ್ಲಿದ್ದವು. ನ್ಯಾಯಮೂರ್ತಿ ಎನ್. ರಾಜಗೋಪಾಲ ಅಯ್ಯಂಗಾರರು 1959ರಲ್ಲಿ ಸಲ್ಲಿಸಿದ ವರದಿ ಈ ಸ್ಥಿತಿಯನ್ನು ಬಯಲಿಗಿಟ್ಟಿತು. ಅದರ ಫಲವಾಗಿ ಬಂದ 1970ರ ಕಾಯಿದೆಯು ಔಷಧಕ್ಕೆ ಪೇಟೆಂಟು ಕೊಡದೆ, ಅದನ್ನು ತಯಾರಿಸುವ ವಿಧಾನಕ್ಕೆ ಮಾತ್ರ ಕೊಟ್ಟಿತು. ಅದೇ ಔಷಧವನ್ನು ಬೇರೆ ವಿಧಾನದಿಂದ ತಯಾರಿಸಲು ದೇಶೀಯ ಕಾರ್ಖಾನೆಗಳಿಗೆ ಹಾದಿ ತೆರೆಯಿತು. ಪೈಪೋಟಿ ಬೆಳೆದಂತೆ ಬೆಲೆಯೂ ಇಳಿಯಿತು. ವಿಶ್ವ ವ್ಯಾಪಾರ ಸಂಸ್ಥೆಯ ಒಪ್ಪಂದಕ್ಕೆ ಅನುಸಾರವಾಗಿ 2005ರಲ್ಲಿ ಔಷಧಗಳ ಮೇಲಿನ ಪೇಟೆಂಟು ಮರಳಿ ಬಂದಿತು.

ಬೆಲೆಯ ಮೇಲೆ ಸರಕಾರದ ಹತೋಟಿಯೂ ಇಲ್ಲದಿಲ್ಲ. 1979ರ ಆಜ್ಞೆಯಲ್ಲಿ 347 ಔಷಧಗಳು ಹತೋಟಿಗೆ ಒಳಪಟ್ಟಿದ್ದವು. 1995ರ ಹೊತ್ತಿಗೆ ಆ ಸಂಖ್ಯೆ 74ಕ್ಕೆ ಇಳಿಯಿತು. 2013ರ ಆಜ್ಞೆ ಅಗತ್ಯ ಔಷಧಗಳ ಪಟ್ಟಿಯನ್ನು ಮತ್ತೆ ವಿಸ್ತರಿಸಿತು. ಆದರೆ ಮೊದಲು ತಯಾರಿಕೆಯ ವೆಚ್ಚವನ್ನು ನೋಡಿ ಬೆಲೆ ಗೊತ್ತುಪಡಿಸುತ್ತಿದ್ದರೆ, ಈಗ ಪೇಟೆಯಲ್ಲಿರುವ ಬೆಲೆಗಳ ಸರಾಸರಿಯೇ ಆಧಾರವಾಯಿತು. ಸಗಟು ಬೆಲೆಯ ಸೂಚ್ಯಂಕ ಏರಿದರೆ ಗರಿಷ್ಠ ಬೆಲೆಯೂ ಏರಬಹುದು. ಹೀಗೆ 2022ರಲ್ಲಿ ಶೇಕಡ 10.77ರಷ್ಟು, 2023ರಲ್ಲಿ ಶೇಕಡ 12.12ರಷ್ಟು ಏರಿಕೆಗೆ ಅವಕಾಶ ದೊರೆಯಿತು. ದಿನವೂ ಗುಳಿಗೆ ನುಂಗುವವರಿಗೆ ಇದು ಸಣ್ಣ ಹೊರೆಯಲ್ಲ.

ರೋಗದ ಖರ್ಚನ್ನು ಹಂಚಿಕೊಳ್ಳುವ ಪ್ರಯತ್ನವೂ ಈ ನಾಡಿನಲ್ಲಿ ನಡೆದಿದೆ. ಯಾವಗಲ್ ಇರುವ ಗದಗ ಜಿಲ್ಲೆಗೆ ಸಹಕಾರವು ಹೊಸದಲ್ಲ. ಏಷ್ಯಾ ಖಂಡದ ಮೊದಲ ಕೃಷಿ ಪತ್ತಿನ ಸಹಕಾರ ಸಂಘವೆಂದು ಹೆಸರಾದ ಕಣಗಿನಹಾಳದ ಸಂಘವು 1905ರಲ್ಲಿ ಹುಟ್ಟಿದ್ದು ಈ ಜಿಲ್ಲೆಯಲ್ಲಿಯೇ. ಅದೇ ಸಹಕಾರದ ತಳಹದಿಯ ಮೇಲೆ 2003ರಲ್ಲಿ ಕರ್ನಾಟಕದ ಯಶಸ್ವಿನಿ ಯೋಜನೆ ಕಾರ್ಯಾರಂಭ ಮಾಡಿತು. ಮೊದಲಲ್ಲಿ ತಲೆಗೆ ವರ್ಷಕ್ಕೆ 60 ರೂಪಾಯಿ ಕೊಟ್ಟ ರೈತನಿಗೆ ಹೃದಯದ ಶಸ್ತ್ರಚಿಕಿತ್ಸೆಯೂ ಎಟುಕುವಂತಾಯಿತು. 2018ರಲ್ಲಿ ಅದು ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಲೀನವಾಗಿ, 2022ರಲ್ಲಿ ಸರಕಾರದಿಂದ ಮರುಜೀವ ಪಡೆಯಿತು.

ಆದರೂ ಒಂದು ಕೊರತೆ ಉಳಿದೇ ಇದೆ. ಇಂಥ ಯೋಜನೆಗಳು ಮುಖ್ಯವಾಗಿ ಆಸ್ಪತ್ರೆಯಲ್ಲಿ ಮಲಗಿದವನ ನೆರವಿಗೆ ಬರುತ್ತವೆ. ಮನೆಯಲ್ಲಿದ್ದು ಗುಳಿಗೆ ನುಂಗುವವನ ಖರ್ಚು ಅವನ ಜೇಬಿನದೇ. ಹಣ ಸಾಲದೆ ಎರಡು ಹೊತ್ತಿನ ಗುಳಿಗೆಯನ್ನು ಒಂದು ಹೊತ್ತಿಗೆ ಇಳಿಸಿದವನು, ಮುಂದೆ ಪಾರ್ಶ್ವವಾಯು ಬಡಿದು ಅದೇ ಆಸ್ಪತ್ರೆಯನ್ನು ಸೇರಬೇಕಾದೀತು. ಹತ್ತು ರೂಪಾಯಿಗೆ ಹೆದರಿ ಹತ್ತು ಸಾವಿರ ತೆತ್ತಂತೆ!

ಪರಿಹಾರವು ತೀರ ದೂರದಲ್ಲಿಲ್ಲ. ರಕ್ತದೊತ್ತಡಕ್ಕೆ ಕೊಡುವ ಆಮ್ಲೋಡಿಪಿನ್, ಮಧುಮೇಹಕ್ಕೆ ಕೊಡುವ ಮೆಟ್‌ಫಾರ್ಮಿನ್ ಮೊದಲಾದವು ಹಳೆಯ ಔಷಧಗಳು. ಅನೇಕ ಕಂಪನಿಗಳು ಬೇರೆ ಬೇರೆ ಹೆಸರಿನಿಂದ ಅವನ್ನು ಮಾರುತ್ತವೆ. ಹೆಸರು ಬದಲಾದರೆ ಬೆಲೆಯೂ ಬದಲಾಗುತ್ತದೆ. 2008ರಲ್ಲಿ ಆರಂಭವಾದ ಜನೌಷಧಿ ಮಳಿಗೆಗಳಲ್ಲಿ ಇವು ಮೂಲ ಹೆಸರಿನಿಂದಲೇ ಕಡಿಮೆ ಬೆಲೆಗೆ ದೊರೆಯುತ್ತವೆ. ಚೀಟಿಯಲ್ಲಿ ಔಷಧದ ಮೂಲ ಹೆಸರನ್ನೂ ಬರೆದುಕೊಡುವಂತೆ ವೈದ್ಯರನ್ನು ಕೇಳುವುದು ಅವಮಾನದ ಮಾತಲ್ಲ. ಅವರ ಸಲಹೆಯಿಲ್ಲದೆ ಗುಳಿಗೆಯನ್ನು ಬದಲಿಸುವುದು ಮಾತ್ರ ಸಲ್ಲದು.

ಅದಕ್ಕಿಂತ ಮಿಗಿಲಾಗಿ, ಹಳ್ಳಿಯ ಆರೋಗ್ಯ ಕೇಂದ್ರದಲ್ಲಿ ಈ ಗುಳಿಗೆಗಳು ವರ್ಷದ ಹನ್ನೆರಡು ತಿಂಗಳೂ ಉಚಿತವಾಗಿ ಸಿಗುವಂತಾಗಬೇಕು. ಮಳೆಗಾಲದಲ್ಲಿ ಬೆಣ್ಣಿಹಳ್ಳ ಉಕ್ಕಿ ರಸ್ತೆ ಕಟ್ಟಿದರೂ ಯಾವಗಲ್ಲಿನ ಹಿರಿಯರಿಗೆ ಅಂದಿನ ಗುಳಿಗೆ ತಪ್ಪಬಾರದು. ಅಂದಿಗೇ ಆರೋಗ್ಯದ ಸುಧಾರಣೆ ಮನೆಯ ಹೊಸ್ತಿಲನ್ನು ಮುಟ್ಟಿತೆನ್ನಬಹುದು.